ಕಾಜಿಮ್ಯೆಶ್‌ನಲ್ಲಿ ಕಳೆದ ಶಬ್ಬಾತ್

ಜರ್ಮನಿಯ ವಿಶ್ವವಿದ್ಯಾಲಯವೊಂದರಲ್ಲಿ ನಾನು ಧರ್ಮಗಳ ಅಧ್ಯಯನದ ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದಾಗ, ನಾವು 12 ಮಂದಿ ಯೆಹೂದಿ ಸಂಸ್ಕೃತಿಯನ್ನು ಹತ್ತಿರದಿಂದ ನೋಡಲೆಂದು ಅಕ್ಟೋಬರ್ ತಿಂಗಳಲ್ಲಿ ಪೋಲೆಂಡಿನ ಕ್ರಾಕೋವ್‌ಗೆ ಹೋದೆವು. ಜರ್ಮನಿಯ ವಾಸದ ಪರವಾನಗಿ ಇದ್ದುದರಿಂದ ನನಗೆ ಬೇರೆ ವೀಸಾ ಬೇಕಾಗಲಿಲ್ಲ. ಹೊರಡುವ ಮುನ್ನ ಪ್ರತಿಯೊಬ್ಬರೂ ಒಂದು ಕಟ್ಟಡವನ್ನೋ ಒಬ್ಬ ವ್ಯಕ್ತಿಯನ್ನೋ ಆರಿಸಿಕೊಂಡು ಓದಿಕೊಳ್ಳಬೇಕಿತ್ತು. ಅಲ್ಲಿ ಆ ವಿಷಯಕ್ಕೆ ಅವರೇ ಮಾರ್ಗದರ್ಶಿ.

ನನ್ನ ಪಾಲಿಗೆ ಬಂದವರು 1572ರಲ್ಲಿ ತೀರಿಕೊಂಡ ರಬ್ಬಿ, ಅಂದರೆ ಯೆಹೂದಿ ಧರ್ಮಗುರು, ಮೋಶೆ ಇಸ್ಸೆರ್ಲೆಸ್. ಅವರ ಸಮಕಾಲೀನರಾದ ಯೋಸೆಫ್ ಕಾರೊ ಯೆಹೂದಿ ಆಚರಣೆಗಳ ನಿಯಮಗಳನ್ನೆಲ್ಲ ಸಂಗ್ರಹಿಸಿ, ‘ಅಣಿಗೊಳಿಸಿದ ಊಟದ ಮೇಜು’ ಎಂಬ ಅರ್ಥದ ‘ಶುಲ್ಹಾನ್ ಅರುಖ್’ ಎಂಬ ಗ್ರಂಥವನ್ನು ರಚಿಸಿದ್ದರು. ಅದರಲ್ಲಿ ಸ್ಪೇನ್ ಮೂಲದ ಸೆಫಾರ್ಡಿಗಳ ಪದ್ಧತಿಗೇ ಪ್ರಾಧಾನ್ಯವಿತ್ತು. ಮಧ್ಯ ಮತ್ತು ಪೂರ್ವ ಯುರೋಪಿನ ಅಶ್ಕೆನಾಜಿಗಳ ರೂಢಿ ಎಲ್ಲೆಲ್ಲಿ ಬೇರೆಯಾಗಿತ್ತೋ ಅಲ್ಲಲ್ಲಿ ಇಸ್ಸೆರ್ಲೆಸ್ ಟಿಪ್ಪಣಿ ಬರೆದು, ಆ ಟಿಪ್ಪಣಿಗಳಿಗೆ ‘ಮಪ್ಪಾ’, ಅಂದರೆ ಮೇಜಿನ ಹಾಸುಬಟ್ಟೆ, ಎಂದು ಹೆಸರಿಟ್ಟರು. ಉದಾಹರಣೆಗೆ, ಪಾಸೋವರ್ ಹಬ್ಬದಲ್ಲಿ ಅನ್ನ ಉಣ್ಣಬಹುದೆಂದು ಕಾರೊ ಹೇಳಿದರೆ, ನಮ್ಮಲ್ಲಿ ಉಣ್ಣುವ ವಾಡಿಕೆಯಿಲ್ಲವೆಂದು ಇಸ್ಸೆರ್ಲೆಸ್ ಬರೆಯುತ್ತಾರೆ. ಸೂತ್ರಕ್ಕೆ ಭಾಷ್ಯ, ಭಾಷ್ಯಕ್ಕೆ ಟೀಕೆ ಎಂಬ ಪರಂಪರೆಯನ್ನು ಕೇಳಿ ಬೆಳೆದ ನನಗೆ ಈ ಬಗೆಯ ವಾದ ಹೊಸದೆನಿಸಲಿಲ್ಲ. ಅನ್ನವಿಲ್ಲದ ಹಬ್ಬ ಮಾತ್ರ ಹೊಸದಾಗಿತ್ತು.

ಕ್ರಾಕೋವ್‌ನ ಹಳೆಯ ಯೆಹೂದಿ ಬಡಾವಣೆಯಾದ ಕಾಜಿಮ್ಯೆಶ್‌ನಲ್ಲಿ ಇಸ್ಸೆರ್ಲೆಸ್ ಅವರ ಹೆಸರಿನ ಹ್ರಸ್ವರೂಪವನ್ನು ಹೊತ್ತ ರೆಮೂ ಸಿನಗಾಗ್, ಅಂದರೆ ಯೆಹೂದಿ ಪ್ರಾರ್ಥನಾಮಂದಿರ, ಇದೆ. ಅದರ ಪಕ್ಕದ ಹಳೆಯ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಒಡೆದುಹೋದ ಸಮಾಧಿಕಲ್ಲುಗಳ ಚೂರುಗಳನ್ನು ಜೋಡಿಸಿ ಅಲ್ಲೊಂದು ಗೋಡೆ ಕಟ್ಟಿದ್ದಾರೆ. ಹುಡುಗರೆಲ್ಲ ತಲೆಗೆ ಟೋಪಿ ಹಾಕಿಕೊಂಡಿದ್ದೆವು. ಜನರು ಸಮಾಧಿಯ ಮೇಲೆ ಹೂವಿನ ಬದಲು ಸಣ್ಣ ಕಲ್ಲುಗಳನ್ನು ಇಟ್ಟು ಹೋಗಿದ್ದುದನ್ನು ಕಂಡು ನಾನೂ ಒಂದನ್ನು ಇಟ್ಟೆ.

ಯುದ್ಧಕ್ಕೆ ಮೊದಲು ಕ್ರಾಕೋವ್‌ನ ಜನರಲ್ಲಿ ಸುಮಾರು ಕಾಲುಭಾಗ ಯೆಹೂದಿಗಳಿದ್ದರು. 1941ರ ಮಾರ್ಚ್‌ನಲ್ಲಿ ನಾತ್ಸಿಗಳು ಅವರನ್ನು ನದಿಯಾಚೆಯ ಪೊದ್ಗುಜೆ ಬಡಾವಣೆಯಲ್ಲಿ ಯೆಹೂದಿಗಳನ್ನು ಕೂಡಿಹಾಕಲು ಮಾಡಿದ್ದ ಗೆಟ್ಟೊದೊಳಕ್ಕೆ ತಳ್ಳಿದರು; 1943ರ ಮಾರ್ಚ್‌ನಲ್ಲಿ ಅದನ್ನೂ ಬರಿದುಮಾಡಿದರು. ಅಲ್ಲಿನ ಚೌಕದಲ್ಲಿ ಈಗ ಲೋಹದ ಖಾಲಿ ಕುರ್ಚಿಗಳನ್ನು ನಿಲ್ಲಿಸಿದ್ದಾರೆ. ಆ ದಿನ ನಮ್ಮ ಮಾರ್ಗದರ್ಶಿಯಾಗಬೇಕಿದ್ದ ಸಹಪಾಠಿ ತಾನು ಬರೆದುಕೊಂಡಿದ್ದನ್ನು ಅರ್ಧಕ್ಕೇ ನಿಲ್ಲಿಸಿದಳು. ಯಾರೂ ಮುಂದುವರಿಸೆಂದು ಹೇಳಲಿಲ್ಲ.

ಇಷ್ಟರಲ್ಲೇ ನಿಂತಿದ್ದರೆ ನಾವು ಒಂದು ಸಮುದಾಯದ ಸಾವನ್ನಷ್ಟೇ ಓದಿ ಬಂದಂತಾಗುತ್ತಿತ್ತು. ಆದ್ದರಿಂದಲೇ ಪ್ರವಾಸದಲ್ಲಿ ಶುಕ್ರವಾರ ಮತ್ತು ಶನಿವಾರ ಬರುವಂತೆ ದಿನಗಳನ್ನು ಹೊಂದಿಸಿ, ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿಯವರೆಗಿನ ಯೆಹೂದಿಗಳ ವಾರದ ವಿಶ್ರಾಂತಿದಿನವಾದ ಶಬ್ಬಾತ್‌ನ ರಾತ್ರಿಯೂಟಕ್ಕೆ ಅನುಮತಿ ಕೇಳಿ ಮೊದಲೇ ಪತ್ರ ಬರೆದಿದ್ದೆವು. ಶುಕ್ರವಾರ ಸೂರ್ಯಾಸ್ತಕ್ಕೆ ಮುನ್ನವೇ ಮೇಣದಬತ್ತಿ ಹಚ್ಚಿದ್ದರು. ದ್ರಾಕ್ಷಾರಸದ ಮೇಲೆ ಪ್ರಾರ್ಥನೆ ಹೇಳಿದರು, ಕೈ ತೊಳೆದರು, ಆಮೇಲೆ ಹೆಣೆದ ಹಲ್ಲಾ ಬ್ರೆಡ್ ಹಂಚಿದರು. ಫೋಟೊ ತೆಗೆಯಲು ನಾನು ಮೊಬೈಲ್ ಹೊರತೆಗೆದಾಗ ಎದುರಿಗಿದ್ದ ಹಿರಿಯ ಮಹಿಳೆಯೊಬ್ಬರು ನಗುತ್ತಲೇ ತಲೆಯಾಡಿಸಿದರು. ಓದಿ ತಿಳಿದಿದ್ದ ನಿಯಮ ಕೈಗೆ ಇನ್ನೂ ಬಂದಿರಲಿಲ್ಲ. ಶಬ್ಬಾತ್‌ನಲ್ಲಿ ಬರೆಯುವುದೂ ನಿಷಿದ್ಧವಾದ್ದರಿಂದ, ಪೆನ್ನನ್ನು ಜೇಬಿನಲ್ಲೇ ಇಟ್ಟು, ಕಂಡದ್ದನ್ನೆಲ್ಲ ಮನಸ್ಸಿನಲ್ಲೇ ಹಿಡಿದಿಡಬೇಕಾಯಿತು.

ಶನಿವಾರ ಕತ್ತಲಾಗಿ ನಕ್ಷತ್ರಗಳು ಮೂಡಿದ ಮೇಲೆ ಶಬ್ಬಾತನ್ನು ಬೀಳ್ಕೊಡುವ ಹವ್ದಾಲಾ ನಡೆಯಿತು. ಹೆಣೆದ ಮೇಣದಬತ್ತಿಯ ಬೆಳಕಿನಲ್ಲಿ ಒಂದು ಪುಟ್ಟ ಡಬ್ಬಿ ಕೈಯಿಂದ ಕೈಗೆ ಬಂತು. ಮೂಸಿದರೆ ಲವಂಗ! ವಸತಿಗೃಹಕ್ಕೆ ಮರಳಿ ಟಿಪ್ಪಣಿ ಬರೆಯಲು ಕುಳಿತಾಗ ನಾನು ಮೊದಲು ಬರೆದದ್ದು ಆ ಪದವನ್ನೇ.