ವಾರಕ್ಕೆ ಮೂರೇ ಜಳಕ: ಎಣ್ಣೆಯ ಸರದಿ ತಿರುವಿದ ಮೇಲೆ ಕಂಡದ್ದು

ಕೂಸಿಗೆ ದಿನಾ ಎರೆಯಬೇಕಿಲ್ಲ, ವರ್ಷ ತುಂಬುವವರೆಗೆ ವಾರಕ್ಕೆ ಎರಡು ಮೂರು ಸಲ ಸಾಕು ಎಂದು ಮಕ್ಕಳ ಡಾಕ್ಟರರು ಹೇಳುತ್ತಲೇ ಇರುತ್ತಾರೆ. ದವಾಖಾನೆಯ ಮೆಟ್ಟಿಲು ಇಳಿಯುವಷ್ಟರಲ್ಲಿ ಆ ಮಾತು ಮರೆತುಹೋಗಿರುತ್ತದೆ. ಸಿಂಧನೂರು, ಮಸ್ಕಿ ಸುತ್ತ ಬಾಣಂತಿಗೂ ಕೂಸಿಗೂ ಎರೆಯುವ ಕೆಲಸ ಮಾಡುವ ನಮ್ಮಲ್ಲೇ ಇದನ್ನು ಕೇಳಿ ನಕ್ಕವರು ಬಹಳ ಮಂದಿ. ಅವರಿಗಾಗಿಯೇ ಇದನ್ನು ಬರೆದಿದ್ದೇನೆ. ಕಾಲು ಚಾಚಿ ಕೂಸನ್ನು ಹೇಗೆ ಮಲಗಿಸಿಕೊಳ್ಳಬೇಕು, ಕುತ್ತಿಗೆಗೆ ಕೈ ಎಲ್ಲಿ ಕೊಡಬೇಕು ಅನ್ನುವುದೆಲ್ಲ ನಿಮಗೆ ಗೊತ್ತೇ ಇದೆ, ಅದನ್ನು ಬಿಟ್ಟಿದ್ದೇನೆ.

ಮೊದಲ ಸಲ ಕೆಟ್ಟದ್ದು ಯಾಕೆಂದರೆ, ದಿನ ಮಾತ್ರ ಕಡಿಮೆ ಮಾಡಿದೆ, ಪದ್ಧತಿ ಹಾಗೇ ಉಳಿಸಿಕೊಂಡೆ. ಎರೆಯುವ ದಿನ ಅಂಗೈ ತುಂಬ ಔಡಲ ಎಣ್ಣೆ, ಅರ್ಧ ತಾಸು ತಿಕ್ಕುವುದು, ಆಮೇಲೆ ಕಡ್ಲಿಹಿಟ್ಟು, ಆಮೇಲೆ ಸೋಪು. ಎರೆಯದ ದಿನ ಅಜ್ಜಿಯ ಕೈ ಸುಮ್ಮನಿರುತ್ತದೆಯೇ? ಎಣ್ಣೆ ಹಚ್ಚುವುದು ನಿಲ್ಲಲಿಲ್ಲ, ತೊಳೆಯುವುದು ಮಾತ್ರ ನಿಂತಿತು. ಮೇಲೆ ಪೌಡರ್. ಮೇ ತಿಂಗಳ ಬಿಸಿಲು ಬೇರೆ. ಐದಾರು ದಿನದಲ್ಲಿ ಕುತ್ತಿಗೆ ಮಡಿಕೆ, ಕಂಕುಳು, ತೊಡೆಸಂದು ಎಲ್ಲ ಕೆಂಪು, ನಡುನಡುವೆ ಕೀವಿನ ತಲೆ. ಬೆವರಿನ ರಂಧ್ರ ಎಣ್ಣೆ–ಪೌಡರಿನ ಕೆಸರಿಗೆ ಮುಚ್ಚಿಹೋಗಿತ್ತು, ಅಷ್ಟೇ. ಆದರೆ ಮನೆಯವರಿಗೆ ಕಂಡದ್ದು ಒಂದೇ ಕಾರಣ: "ಎರಿಲಿಲ್ಲ, ಅದಕ್ಕ ಹಿಂಗಾತು." ಮೂರು ಮನೆ ಕೈಬಿಟ್ಟವು. ಬಾಣಂತಿ, ಕೂಸು ಇಬ್ಬರಿಗೂ ಸೇರಿ ದಿನಕ್ಕೆ 200 ರೂಪಾಯಿ ಇತ್ತು ಆಗ. ಸುಮಾರು ಒಂಬತ್ತು ಸಾವಿರ ಹೋಯಿತು.

ಕೂತು ಯೋಚಿಸಿದಾಗ ಸುತ್ತು ಕಾಣಿಸಿತು. ಎಣ್ಣೆ ತೆಗೆಯಲು ಹಿಟ್ಟು, ಹಿಟ್ಟು ತೆಗೆಯಲು ಸೋಪು, ಸೋಪು ತೆಗೆಯಲು ನಾಲ್ಕು ಕೊಡ ನೀರು, ಅಷ್ಟು ತೊಳೆದದ್ದಕ್ಕೆ ಚರ್ಮ ಒಣಗಿತೆಂದು ಮತ್ತೆ ಎಣ್ಣೆ. ಇದನ್ನು ಎಲ್ಲಿಯಾದರೂ ಕಡಿಯಬೇಕಿತ್ತು. ಕಡಿದದ್ದು ಮೊದಲನೇ ಎಣ್ಣೆಯನ್ನು. ಈಗ ನಾನು ಎಣ್ಣೆ ಹಚ್ಚುವುದು ಜಳಕದ ಮೇಲೆ, ಮೈ ಇನ್ನೂ ತುಸು ಹಸಿ ಇರುವಾಗ, ಒರೆಸಿದ ಎರಡು ಮೂರು ನಿಮಿಷದೊಳಗೆ. ಪ್ರಮಾಣ ಇಡೀ ಮೈಗೆ ಅರ್ಧ ಚಮಚೆ, ಹೆಚ್ಚೆಂದರೆ ಮುಕ್ಕಾಲು. ಮಡಿಕೆಗಳಿಗೆ ಇಲ್ಲ, ಮೂಗು ಕಿವಿಗಂತೂ ಒಂದು ಹನಿಯೂ ಇಲ್ಲ. ಮೂಗಿಗೆ ಬಿಟ್ಟ ಎಣ್ಣೆ ಉಸಿರಿನ ಜೊತೆ ಪುಪ್ಪುಸಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ; ಅದು ಶೀತದ ಕೆಮ್ಮಲ್ಲ, ಬೇಗ ಬಿಡುವುದೂ ಇಲ್ಲ. ಎಣ್ಣೆ ಕಡಿಮೆಯಾದ ಮೇಲೆ ಹಿಟ್ಟು ತಾನೇ ಬೇಡವಾಯಿತು, ಸೋಪು ವಾರಕ್ಕೆ ಎರಡು ಸಲಕ್ಕೆ ಇಳಿಯಿತು. ಹಿಟ್ಟಿನದು ಇನ್ನೊಂದು ಪೀಡೆ: ಕುತ್ತಿಗೆ ಮಡಿಕೆಯಲ್ಲಿ ಉಳಿದ ಹಿಟ್ಟು, ಬಾಯಿಂದ ಇಳಿದ ಹಾಲು ಸೇರಿ ಹುಳಿಯುತ್ತದೆ. ಆ ವಾಸನೆ ನಿಮಗೆಲ್ಲ ಪರಿಚಯವೇ.

ಹುಟ್ಟಿದ ಮೊದಲ 24 ಗಂಟೆ ನೀರು ಸೋಕಿಸುವುದಿಲ್ಲ; ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಅದನ್ನೇ. ಮೈಮೇಲಿನ ಬಿಳಿ ಬೆಣ್ಣೆಯಂಥದ್ದನ್ನು ತಿಕ್ಕಿ ತೆಗೆಯಬೇಡಿ. ಹೊಕ್ಕಳಬಳ್ಳಿ ಬೀಳುವವರೆಗೆ, ಅಂದರೆ ಒಂದು ಎರಡು ವಾರ, ಬರೀ ಒರೆಸುವುದು. ಬಳ್ಳಿಗೆ ಬೂದಿ, ಅರಿಶಿಣ, ಎಣ್ಣೆ ಏನೂ ಬೇಡ, ಡಾಕ್ಟರು ಬರೆದುಕೊಟ್ಟದ್ದು ಬಿಟ್ಟು. ಬುಡ ಕೆಂಪಾಗಿ ಬಾತರೆ, ವಾಸನೆ ಬಂದರೆ ನನ್ನನ್ನು ಕರೆಯಬೇಡಿ, ದವಾಖಾನೆಗೆ ಹೋಗಿ. ತೂಕ ಎರಡೂವರೆ ಕೆ.ಜಿ.ಗಿಂತ ಕಡಿಮೆ ಇದ್ದರೆ ಡಾಕ್ಟರು ಹೂಂ ಅನ್ನುವವರೆಗೆ ನಾನು ಚೊಂಬು ಮುಟ್ಟುವುದಿಲ್ಲ.

ಒರೆಸುವ ದಿನದ ಕೆಲಸ ಐದು ನಿಮಿಷ. ಅರ್ಧ ಲೀಟರ್ ಉಗುರುಬೆಚ್ಚಗಿನ ನೀರು, ಹಳೆ ಪಂಚೆಯ ನಾಲ್ಕು ತುಂಡು, ಎಲ್ಲ ಬಿಸಿಲಿಗೆ ಒಣಗಿದ್ದು. ಮೊದಲು ಕಣ್ಣು, ಮೂಗಿನ ಕಡೆಯಿಂದ ಹೊರಕ್ಕೆ, ಒಂದೊಂದು ಕಣ್ಣಿಗೆ ಬಟ್ಟೆಯ ಬೇರೆ ಬೇರೆ ಮೂಲೆ. ಆಮೇಲೆ ಮುಖ, ಕಿವಿಯ ಹಿಂದೆ, ಕುತ್ತಿಗೆ. ಗದ್ದ ಮೇಲಕ್ಕೆತ್ತದೆ ಕುತ್ತಿಗೆ ಒರೆಸಿದರೆ ಒರೆಸಿದ ಹಾಗೇ ಅಲ್ಲ. ಮುಷ್ಟಿ ಬಿಡಿಸಿ ನೋಡಿ, ಒಳಗೆ ದಾರದ ಎಳೆ ಇರುತ್ತದೆ. ಬೆರಳಿಗೆ ಸುತ್ತಿಕೊಂಡಿದ್ದರೆ ಬೆರಳು ನೀಲಿಯಾಗುತ್ತದೆ. ಕೊನೆಯ ತುಂಡು ಕೆಳಗಿನ ಭಾಗಕ್ಕೆ. ಹೆಣ್ಣುಕೂಸಿಗೆ ಮುಂದಿನಿಂದ ಹಿಂದಕ್ಕೆ ಮಾತ್ರ, ಗಂಡುಕೂಸಿನ ತುದಿ ಚರ್ಮ ಹಿಂದಕ್ಕೆ ಎಳೆಯುವಂತಿಲ್ಲ. ಹೇಲುಚ್ಚೆ ಆದಾಗಲೆಲ್ಲ ಕುಂಡಿ ತೊಳೆಯುವುದು ಈ ಲೆಕ್ಕದಲ್ಲಿ ಸೇರಿಲ್ಲ, ಅದು ಆದಾಗಲೆಲ್ಲ ಆಗಬೇಕು.

ಎರೆಯುವ ದಿನ ಐದು ಲೀಟರ್ ಮೈಗೆ, ಮೂರು ಲೀಟರ್ ಕಡೆ ನೀರಿಗೆ. ಬಾಗಿಲು ಹಾಕಿ, ಫ್ಯಾನ್ ಆರಿಸಿ, ಟವೆಲ್ಲು, ಅಂಗಿ ಮೊದಲೇ ಕೈಗೆ ಸಿಗುವಂತೆ ಇಟ್ಟುಕೊಂಡು ಕೂರುತ್ತೇನೆ. ನಾನು ಮಾಡಿಕೊಂಡ ಬದಲಾವಣೆ ಒಂದಿದೆ: ಕೂಸಿನ ಮೈಮೇಲೆ ತೆಳು ಪಂಚೆ ಬಟ್ಟೆ ಹೊದಿಸಿ, ಬಟ್ಟೆಯ ಮೇಲೇ ನೀರು ಹಾಕುವುದು. ಬಟ್ಟೆ ಬಿಸಿ ಹಿಡಿದಿಡುತ್ತದೆ, ನೀರು ಬಿದ್ದ ಕೂಡಲೇ ಕೈಕಾಲು ಬೆಚ್ಚಿ ಚಾಚುವುದು ನಿಲ್ಲುತ್ತದೆ. ಒಂದು ಕೈ ತೆಗೆದು ತೊಳೆ, ಮುಚ್ಚು; ಇನ್ನೊಂದು ಕೈ. ತಲೆ ಕೊನೆಗೆ, ಯಾಕೆಂದರೆ ಹಸಿ ತಲೆಯಿಂದಲೇ ಮೈ ಬೇಗ ತಣ್ಣಗಾಗುವುದು. ಎಲ್ಲ ಸೇರಿ ಏಳು ನಿಮಿಷ ದಾಟಬಾರದು. ತಲೆಗೆ ನೀರು ಬಿದ್ದಾಗ ಅಳದಂತೆ ಹಿಡಿಯುವ ಒಂದು ಪಟ್ಟು ನನ್ನ ಬಳಿ ಇದೆ. ಅದನ್ನು ಬರೆದು ಹೇಳಲಾಗದು, ಹೇಳುವ ಮನಸ್ಸೂ ಇಲ್ಲ, ಜೊತೆಗೆ ಬಂದು ಕಲಿತವರಿಗೆ ಮಾತ್ರ.

ನೀರಿನ ಬಿಸಿಯಲ್ಲಿ ನಮ್ಮ ಕೈಗಳನ್ನು ನಂಬಬೇಡಿ. ಒಲೆ, ಹಂಡೆ, ಬಿಸಿ ರೊಟ್ಟಿ ಎಂದು ಕಾದು ಕಾದು ನಮ್ಮ ಕೈಗೆ ಬಿಸಿಯೇ ಹತ್ತುವುದಿಲ್ಲ. ಮೊಣಕೈ ಒಳ್ಳೆಯದು ಅನ್ನುತ್ತಾರೆ. ನನ್ನ ಮೊಣಕೈ ಹದ ಅಂದ ನೀರಿಗೆ ಥರ್ಮಾಮೀಟರ್ ಹಾಕಿದರೆ 41 ತೋರಿಸಿತು. ಬೇಕಾದದ್ದು 37ರ ಆಸುಪಾಸು. ನೀರಿನ ಥರ್ಮಾಮೀಟರಿಗೆ 250 ರೂಪಾಯಿ ಕೊಟ್ಟ ನೆನಪು, ಈ ಕೆಲಸಕ್ಕೆ ಹಾಕಿದ ದುಡ್ಡಿನಲ್ಲಿ ಇದೇ ಸಾರ್ಥಕ. ಅಳತೆ ಹೀಗೆ ಕೂಡುತ್ತದೆ: ತಣ್ಣೀರು 26 ಡಿಗ್ರಿ ಇದ್ದರೆ, ಹಬೆಯಾಡುವ 80 ಡಿಗ್ರಿ ನೀರು ಒಂದು ಚೊಂಬಿಗೆ ತಣ್ಣೀರು ನಾಲ್ಕು. ಜನವರಿಯಲ್ಲಿ ತಣ್ಣೀರು 20ಕ್ಕೆ ಇಳಿದಾಗ ಒಂದಕ್ಕೆ ಎರಡೂವರೆ. ಯಾವಾಗಲೂ ತಣ್ಣೀರು ಮೊದಲು, ಬಿಸಿ ಆಮೇಲೆ, ಕೈಯಾಡಿಸಿ ಕಲಕಿ ಮತ್ತೆ ನೋಡುವುದು. ಬಿಸಿನೀರಿನ ಪಾತ್ರೆ ಕೂಸಿನಿಂದ ಒಂದು ಮಾರು ದೂರ. ಕಾಯಿಲ್ ಹಾಕಿದ ಬಕೆಟ್ಟಿಗೆ ಪ್ಲಗ್ ಕೀಳದೆ ಕೈ ಹಾಕುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಏಪ್ರಿಲ್‌–ಮೇನಲ್ಲಿ ಮೋಸ ತಲೆಕೆಳಗು: ಮಾಳಿಗೆ ಮೇಲಿನ ಸಿಂಟೆಕ್ಸ್ ನೀರು ಮಧ್ಯಾಹ್ನ ಕಾಯಿಸದೆಯೇ ಕೂಸಿಗೆ ಆಗದಷ್ಟು ಬಿಸಿ ಇರುತ್ತದೆ. ಬೆಳಿಗ್ಗೆಯೇ ಹಿಡಿದು ನೆರಳಲ್ಲಿ ಹರವಿಗೆ ತುಂಬಿಡಬೇಕು.

ನಮ್ಮ ಕಡೆಯ ದೊಡ್ಡ ತಂಟೆ ಸವಳು ನೀರು, ಅಂದರೆ ಸೋಪಿಗೆ ನೊರೆ ಬಾರದ ಗಡಸು ನೀರು. ಪರೀಕ್ಷೆಗೆ ಯಂತ್ರ ಬೇಡ. ಅರ್ಧ ಲೀಟರ್ ಬಾಟಲಿಗೆ ಒಂದು ಲೋಟ ಬೋರಿನ ನೀರು, ಒಂದು ಚಿಟಿಕೆ ಬಟ್ಟೆ ಸೋಪಿನ (ಡಿಟರ್ಜೆಂಟ್ ಬಾರ್ ಅಲ್ಲ) ತುರಿ ಹಾಕಿ ಕುಲುಕಿ. ನೊರೆ ಬದಲು ಮೊಸರು ಒಡೆದಂತೆ ಬಿಳಿ ಕಣ ತೇಲಿದರೆ ಅದೇ ಕಣ ಕೂಸಿನ ಚರ್ಮಕ್ಕೂ ಅಂಟುತ್ತದೆ, ಮೈ ಬಿರುಸಾಗುತ್ತದೆ. ಬಾಟಲಿಯ ಬೇಬಿ ವಾಷ್ ಹಾಕಿ ನೋಡಬೇಡಿ, ಅದು ಸವಳು ನೀರಲ್ಲೂ ನೊರೆ ಕೊಟ್ಟು ಮೋಸ ಮಾಡುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆ ನೀರು ನಲ್ಲಿಗೆ ಬರುವ ದಿನಗಳಲ್ಲಿ ಈ ತೊಂದರೆ ಬಹಳ ಕಡಿಮೆ, ಕಾಲುವೆ ನಿಂತು ಬೋರಿಗೆ ಹೋದಾಗ ಶುರು. ಕುದಿಸಿ ರಾತ್ರಿ ಇಟ್ಟು ಮೇಲಿನ ತಿಳಿ ಬಸಿದರೆ ಗಡಸು ಸ್ವಲ್ಪ ಇಳಿಯುತ್ತದೆ. ಹಂಡೆ ತಳದ ಬಿಳಿ ಚಕ್ಕೆ ಅದೇ. ಪೂರ್ತಿ ಹೋಗುವುದಿಲ್ಲ. ಹಾಗಾಗಿ ಮೈ ತೊಳೆಯುವುದು ಬೋರಿನ ನೀರಲ್ಲಿ, ಕಡೆಯ ಮೂರು ಲೀಟರ್ ಮಾತ್ರ ಊರ ಶುದ್ಧ ನೀರಿನ ಘಟಕದ್ದು. ಐದು ರೂಪಾಯಿಗೆ 20 ಲೀಟರ್ ಕ್ಯಾನ್, ಎರಡು ವಾರ ಬರುತ್ತದೆ. ಸಾವಿರ ರೂಪಾಯಿ ಕ್ರೀಮಿಗಿಂತ ಈ ಐದು ರೂಪಾಯಿ ಕೆಲಸ ಮಾಡಿತು ಅಂದರೆ ಯಾರೂ ನಂಬಲಿಲ್ಲ, ಕೂಸಿನ ಮೊಣಕಾಲು ಮುಟ್ಟಿ ನೋಡಿದ ಮೇಲೆ ನಂಬಿದರು.

ನಡುವೆ ಪಿ.ಎಚ್. ಕಾಗದದ ಹುಚ್ಚೂ ಹಿಡಿದಿತ್ತು; ಅದ್ದಿದರೆ ಬಣ್ಣ ಬದಲಾಗಿ ಆಮ್ಲವೋ ಕ್ಷಾರವೋ ತೋರಿಸುತ್ತದೆ, ಏಳಕ್ಕಿಂತ ಕಡಿಮೆ ಆಮ್ಲ, ಹೆಚ್ಚು ಕ್ಷಾರ. ನೂರು ಚಿಲ್ಲರೆ ರೂಪಾಯಿಗೆ ಪಟ್ಟಿಗಳ ಒಂದು ಪುಸ್ತಕ. ಕೂಸಿನ ಚರ್ಮ ತುಸು ಆಮ್ಲದ ಕಡೆ ಇರಬೇಕು, ಐದೂವರೆ ಹತ್ತಿರ. ಗಟ್ಟಿ ಸೋಪುಗಳು, "ಬೇಬಿ" ಎಂದು ಬರೆದವೂ ಸೇರಿ, ಬಹುತೇಕ 9, 10 ತೋರಿಸಿದವು. ಅಂಟವಾಳ, ಸೀಗೆಕಾಯಿ ಆಮ್ಲದ ಕಡೆಗೇ ಬಂದವು, ಖುಷಿಯಾಯಿತು. ಆದರೆ ಕಣ್ಣಿಗೆ ಹೋದರೆ ಉರಿ ತಡೆಯದು, ಕೂಸಿಗೆ ಆಗುವ ಮಾತಲ್ಲ. ಈಗ ಸೋಪಿನ ದಿನ ಐದೂವರೆ ಪಿ.ಎಚ್. ಎಂದು ನಮೂದಿಸಿದ, ವಾಸನೆ ಇಲ್ಲದ ದ್ರವ, ನಾಣ್ಯದಷ್ಟು. ಎಣ್ಣೆಗಳಲ್ಲಿ ಔಡಲ ದಪ್ಪ, ಮೈಮೇಲೇ ನಿಲ್ಲುತ್ತದೆ. ಗಾಣದ ಕುಸುಬಿ ಎಣ್ಣೆ ತೆಳು, ಚೆನ್ನಾಗಿ ಹೀರಿತು, ಆದರೆ ಬೇಸಿಗೆಯಲ್ಲಿ ಬೇಗ ಕಮಟಾಗುತ್ತದೆ. ನೂರು ಮಿಲಿಗಿಂತ ಹೆಚ್ಚು ತರಬೇಡಿ. ಕೊಬ್ಬರಿ ಎಣ್ಣೆಗೇ ಮರಳಿದ್ದೇನೆ. ಲೋಬಾನದ ಹೊಗೆ ಮಾತ್ರ ನಾನು ಇರುವ ಹೊತ್ತಿನಲ್ಲಿ ಹಾಕಬೇಡಿ ಎಂದು ಮೊದಲೇ ಹೇಳಿಬಿಡುತ್ತೇನೆ. ಮುಚ್ಚಿದ ಕೋಣೆಯ ಹೊಗೆ ಎಳೆ ಉಸಿರಿಗೆ ಆಗದು.

ಲೆಕ್ಕ ಹೀಗೆ ನಿಂತಿದೆ: ಆರು ತಿಂಗಳವರೆಗೆ ಚಳಿಗಾಲದಲ್ಲಿ ಎರಡು, ಉಳಿದಂತೆ ಮೂರು, ಸೋಮ, ಗುರು, ಶನಿ ಎಂದು ವಾರ ಗೊತ್ತು ಮಾಡಿದರೆ ಅತ್ತೆಯಂದಿರು ತಕರಾರು ಕಡಿಮೆ ಮಾಡುತ್ತಾರೆ. ಮಾರ್ಚ್‌ನಿಂದ ಜೂನ್‌ವರೆಗೆ, ಬಿಸಿಲು 42 ದಾಟಿದಾಗ ಹಠ ಮಾಡುವುದಿಲ್ಲ: ದಿನಾ ಬರೀ ನೀರು, ಎರಡು ನಿಮಿಷ, ಸೋಪಿಲ್ಲ, ಎಣ್ಣೆಯೂ ಇಲ್ಲ. ಬೆವರುಸಾಲೆಗೆ ಮದ್ದು ತಂಪು ಮತ್ತು ಗಾಳಿ, ಪೌಡರ್ ಅಲ್ಲ. ಲಸಿಕೆ ಹಾಕಿದ ದಿನ ಎರೆಯಬಹುದು, ಸೂಜಿ ಚುಚ್ಚಿದ ಜಾಗ ತಿಕ್ಕಬೇಡಿ. ಅಂಬೆಗಾಲಿಡುವ ಕೂಸಿಗೆ ಸಂಜೆ ಕೈಕಾಲು ಮುಖ ದಿನಾ.

ಇನ್ನು ರೊಕ್ಕದ ಮಾತು. "ಏನವ್ವ, ಬರೇ ಒರಸಿ ಹೊಂಟಿ, ಇದಕ್ಕ್ಯಾಕ ಇನ್ನೂರು?" ಇದಕ್ಕೆ ಚರ್ಮದ ಪಾಠ ಹೇಳಿ ಸೋತೆ. ಗೆದ್ದದ್ದು ನೀರಿನ ಲೆಕ್ಕದಿಂದ. ವಾರಕ್ಕೊಮ್ಮೆ ನಲ್ಲಿ ಬರುವ ಓಣಿಯಲ್ಲಿ ಒಂದು ಜಳಕಕ್ಕೆ ನಾಲ್ಕು ಕೊಡ ಹೋಗುತ್ತಿದ್ದದ್ದು ಎಂಟು ಲೀಟರಿಗೆ ಇಳಿದಿದೆ ಎಂದು ತೋರಿಸಿದರೆ ಅತ್ತೆಯೇ ನನ್ನ ಪರ. ದಿನಗೂಲಿ ಬಿಟ್ಟು 40 ದಿನಕ್ಕೆ ಒಟ್ಟು ಏಳು ಸಾವಿರ ಮಾತಾಡುತ್ತೇನೆ, ಮೊದಲು ಸಿಗುತ್ತಿದ್ದದ್ದಕ್ಕಿಂತ ಒಂದು ಸಾವಿರ ಕಡಿಮೆ, ಆದರೆ ದಿನಕ್ಕೆ ಒಂದು ಮನೆ ಹೆಚ್ಚು ಮುಗಿಯುತ್ತದೆ. ಹೋದ ಮೂರು ಮನೆಗಳಲ್ಲಿ ಎರಡು ಎರಡನೇ ಕೂಸಿಗೆ ವಾಪಸ್ ಬಂದವು.

ವರ್ಷ ದಾಟಿದ ಮಕ್ಕಳಿಗೆ ಮಣ್ಣು, ಬೆವರು ಕಂಡಂತೆ ಎರೆಯುವುದು, ದಿನ ಬಿಟ್ಟು ದಿನ ಸಾಕು. ಒಂದು ಕಡೆ ಮಾತ್ರ ನನ್ನ ಎಣ್ಣೆಯ ನಿಯಮ ನಡೆಯುವುದಿಲ್ಲ: ಮೆಣಸಿನಕಾಯಿ ಒಣಹಾಕುವ ಕಣ. ಕಣದಲ್ಲಿ ಆಡಿ ಮೈಯೆಲ್ಲ ಉರಿ ಹತ್ತಿಸಿಕೊಂಡು ಬಂದ ಮಗುವಿಗೆ ನೇರ ನೀರು ಹಾಕಿದರೆ ಖಾರ ಹೋಗದು, ಹರಡುತ್ತದೆ. ಅಲ್ಲಿ ಕೊಬ್ಬರಿ ಎಣ್ಣೆ ಮೊದಲು, ಒಣ ಬಟ್ಟೆಯಿಂದ ಒರೆಸಿ, ಆಮೇಲೆ ಸೋಪು, ಆಮೇಲೆ ನೀರು. ಕೈ ಕಣ್ಣಿಗೆ ಹೋಗುವ ಮೊದಲು ಬೆರಳ ಸಂದಿಯಿಂದ ಶುರು ಮಾಡಿ.