ಮಣ್ಣಿನ ಮೇಲೆ ಕಂಡ ಬ್ರೇಕ್

ಆರು ವರ್ಷ ನಾನು ಹುಡುಗರನ್ನು ಓಡಿಸಿದ್ದೇ ತಪ್ಪಾಗಿ. ಬಸವನ ಬಾಗೇವಾಡಿ ಕಡೆಯ ನಮ್ಮ ಹೈಸ್ಕೂಲಿನಲ್ಲಿ ನೂರು ಮೀಟರಿನವನಿರಲಿ, ಮೂರು ಸಾವಿರದವನಿರಲಿ, ಬೆಳಗಾದರೆ ಮೈದಾನಕ್ಕೆ ಹತ್ತು ರೌಂಡ್. ನಮ್ಮ ಪಿ.ಟಿ. ಮಾಸ್ತರರು ನನ್ನನ್ನು ಹಾಗೇ ಓಡಿಸಿದ್ದರು. ಹುಡುಗರಿಗೆ ದಮ್ಮು ಬಂತು, ವೇಗ ಬರಲಿಲ್ಲ. ವಿಜಯಪುರಕ್ಕೆ ಜಿಲ್ಲಾ ಮಟ್ಟಕ್ಕೆ ಹೋದರೆ ಮೊದಲ 20 ಮೀಟರಿನಲ್ಲೇ ಹಿಂದೆ ಬೀಳೋರು.

ಕಣ್ಣು ತೆರೆಸಿದ್ದು ನಮ್ಮ ಎರೆಮಣ್ಣು. ಮಳೆ ನಿಂತ ಮೂರನೇ ದಿನ, ಮೈದಾನ ಅರೆಬರೆ ಒಣಗಿತ್ತು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಸ್ಟಾರ್ಟ್ ತೆಗೆದುಕೊಂಡು ಓಡಿದಳು. ನಾನು ಬಗ್ಗಿ ಅವಳ ಹೆಜ್ಜೆ ನೋಡುತ್ತ ಕೂತೆ.

'ಏನ್ ಹುಡಕಾಕತ್ತೀರಿ ಸರ್?'

'ನಿನ್ನ ಬ್ರೇಕ್ ಹುಡಕಾಕತ್ತೀನವ್ವಾ.'

ಮೊದಲ ಮೂರು ಹೆಜ್ಜೆಯಲ್ಲೂ ಮಣ್ಣು ಪಾದದ ಮುಂದೆ ಗುಪ್ಪೆಯಾಗಿತ್ತು. ಅಂದರೆ ಕಾಲು ಸೊಂಟದ ಮುಂದೆ ಹೋಗಿ ಬೀಳುತ್ತಿದೆ, ನೆಲವನ್ನು ಹಿಂದಕ್ಕೆ ಒದೆಯುವ ಬದಲು ಮುಂದಕ್ಕೆ ತಳ್ಳುತ್ತಿದೆ. ಓಟಕ್ಕೆ ಅದೇ ಬ್ರೇಕ್. 'ಉದ್ದ ಹೆಜ್ಜಿ ಹಾಕು' ಎಂದು ಗಂಟಲು ಹರಿಯುವಂತೆ ಕೂಗಿದವನು ನಾನೇ!

ಮರುದಿನ ತೊಗರಿ ಕಟಗಿ ತಂದು ಹೆಜ್ಜೆಗೊಂದರಂತೆ ನೆಲಕ್ಕೆ ಅಡ್ಡ ಇಟ್ಟೆ. ಗೆರೆಯಿಂದ ಅರ್ಧ ಮೀಟರಿಗೆ ಮೊದಲನೆಯದು, ಅಲ್ಲಿಂದ ಒಂದು ಮೀಟರಿಗೆ ಎರಡನೆಯದು, ಆಮೇಲೆ ಪ್ರತಿಸಲ ನಾಲ್ಕು ಬೆರಳು ಹೆಚ್ಚು. ಎದೆ ಮುಂದೆ ಬಾಗಿರಬೇಕು, ಕಾಲು ಸೊಂಟದ ಕೆಳಗೇ ಬೀಳಬೇಕು, ನೆಲವನ್ನು ಹಿಂದಕ್ಕೆ ಒದೆಯಬೇಕು. ಕೈ ಜೋರಾಗಿ ಬೀಸಿದರೆ ಕಾಲು ತಾನಾಗಿ ಬರುತ್ತದೆ; ಅದಕ್ಕೆ ಬೇರೆ ಪಾಠ ಮಾಡಲಿಲ್ಲ.

ಹತ್ತು ರೌಂಡ್ ಬಿಟ್ಟೆ. ವಾರಕ್ಕೆ ಮೂರು ದಿನ, 30 ಮೀಟರ್ ಆರು ಸಲ, ಪ್ರತಿ ಓಟದ ನಡುವೆ ಮೂರರಿಂದ ನಾಲ್ಕು ನಿಮಿಷ ವಿಶ್ರಾಂತಿ. ಪೂರ್ತಿ ಜೋರಿನ ಓಟಕ್ಕೆ ಸ್ನಾಯುವಿನಲ್ಲಿರುವ ಸಿದ್ಧ ಶಕ್ತಿ ಕೆಲವೇ ಸೆಕೆಂಡಿನದು, ಮತ್ತೆ ತುಂಬಲು ನಿಮಿಷಗಳೇ ಬೇಕು. ದಣಿದ ಕಾಲಿನಲ್ಲಿ ಓಡಿಸಿದರೆ ಮಕ್ಕಳು ಕಲಿಯುವುದು ನಿಧಾನ ಓಟವನ್ನೇ. 'ಸರ್ ಹುಡುಗರನ್ನ ಕೂಡಿಸಿ ಹರಟಿ ಹೊಡೀತಾರ' ಅಂತ ಊರಲ್ಲಿ ಮಾತಾಯಿತು. ಆಗಲಿ ಬಿಡಿ.

ಮೊದಲ 10 ಮೀಟರ್ ಎಲ್ಲರಿಗೂ ನಿಧಾನವೇ. 2009ರಲ್ಲಿ ಬರ್ಲಿನ್‌ನಲ್ಲಿ 9.58 ಸೆಕೆಂಡಿನ ದಾಖಲೆ ಬರೆದ ದಿನ ಉಸೇನ್ ಬೋಲ್ಟ್‌ಗೂ ಅಷ್ಟಕ್ಕೆ 1.89 ಸೆಕೆಂಡ್ ಹಿಡಿದಿತ್ತು. 60ರಿಂದ 80ರವರೆಗಿನ 20 ಮೀಟರನ್ನು 1.61ರಲ್ಲೇ ಮುಗಿಸಿದ. ಅವನು ವೇಗ ಏರಿಸುತ್ತ 60 ಮೀಟರ್ ದಾಟಿದ್ದ, ನಮ್ಮ ಮಕ್ಕಳ ಏರಿಕೆ 30-40ಕ್ಕೇ ಮುಗಿಯುತ್ತದೆ.

ತಪ್ಪುಗಳೂ ಆದವು. ಸೊಂಟಕ್ಕೆ ಟ್ರ್ಯಾಕ್ಟರ್ ಟೈರ್ ಕಟ್ಟಿ ಎಳೆಸಿದೆ, ಓಟ ಹೋಗಿ ರಂಟೆ ಹೊಡೆದಂತಾಯಿತು. ಈಗ ಬೈಕಿನ ಟೈರ್ ಸಾಕು. ಡಿಸೆಂಬರಿನ ಚಳಿಯಲ್ಲಿ ಮೈ ಬಿಸಿಯಾಗುವ ಮೊದಲೇ ಜೋರಾಗಿ ಓಡಿಸಿ ಒಬ್ಬ ಹುಡುಗನ ತೊಡೆಯ ಹಿಂದಿನ ಸ್ನಾಯು ಹಿಡಿಯಿತು. ಒಂದೂವರೆ ತಿಂಗಳು ಅವನು ಕಟ್ಟೆಯ ಮೇಲೆ ಕೂತು ನೋಡಿದ, ಅವನ ಅಪ್ಪನಿಗೆ ಮುಖ ತೋರಿಸಲು ನನಗೇ ನಾಚಿಕೆ.

ಹತ್ತು ವಾರಕ್ಕೆ ಆ ಹುಡುಗಿಯ 30 ಮೀಟರ್ 5.2ರಿಂದ 4.9 ಸೆಕೆಂಡಿಗೆ ಬಂತು. ಕೈಗಡಿಯಾರದ ಲೆಕ್ಕ, ಹೆಬ್ಬೆರಳಿನ ತಪ್ಪು ಇದ್ದೇ ಇರುತ್ತದೆ. ಹಾಗಾಗಿ ಗಡಿಯಾರಕ್ಕಿಂತ ಮಣ್ಣನ್ನೇ ಹೆಚ್ಚು ನಂಬುತ್ತೇನೆ. ಈಗ ಗುಪ್ಪೆ ಪಾದದ ಹಿಂದೆ ಬೀಳುತ್ತಿದೆ. ಆದರೆ ಏಳನೇ ಹೆಜ್ಜೆಗೇ ತಲೆ ಎತ್ತಿ ನೆಟ್ಟಗಾಗುತ್ತಾಳೆ, ಅದೊಂದು ಇನ್ನೂ ಹೋಗಿಲ್ಲ.