ಬ್ಲೇಡ್ ತಿಂದ 3 ಮಿ.ಮೀ.

ಮಂಡ್ಯದ ನಮ್ಮ ಸಾಮಿಲ್‌ನಲ್ಲಿ ಮತ್ತಿ ತೊಲೆ ಕೊಯ್ದಾಗಲೆಲ್ಲ ಮೋಟು ತುಂಡುಗಳ ಗುಡ್ಡೆ. ಯಾವ ಉದ್ದಕ್ಕೆ ಯಾವುದನ್ನು ಕೂಡಿಸಿದರೆ ಕಮ್ಮಿ ತೊಲೆ ಸಾಕು ಅಂತ ಎಕ್ಸೆಲ್ ಸಾಲ್ವರ್‌ಗೆ (ಷರತ್ತು ಕೊಟ್ಟರೆ ಒಳ್ಳೇ ಉತ್ತರ ಹುಡುಕುವ ಸಾಧನ) ಹಾಕಿದೆ. (ರಷ್ಯದ ಗಣಿತಜ್ಞ ಕಾಂಟೊರೊವಿಚ್ 1939ರಲ್ಲೇ ಇಂಥ ಲೆಕ್ಕ ಬಿಡಿಸಿದ್ದರು.) 12 ಅಡಿ ತೊಲೆಗೆ 7+5, ವೇಸ್ಟ್ ಸೊನ್ನೆ ಅಂದಿತು. ಕೊಯ್ಸಿದರೆ ಐದಡಿ ತುಂಡು 3 ಮಿ.ಮೀ. ಕಮ್ಮಿ!

ಮೇಸ್ತ್ರಿ ನೆಲದ ಮೇಲಿನ ಹೊಟ್ಟು ತೋರಿಸಿ, "ಬ್ಲೇಡ್ ತಿಂದಿದ್ದು ಅಲ್ಲೈತೆ ನೋಡಿ ಸಾ" ಅಂದ.

ಆಮೇಲೆ ಪ್ರತಿ ತುಂಡಿನ ಉದ್ದಕ್ಕೂ 3 ಮಿ.ಮೀ. ಸೇರಿಸಿದೆ. ತೊಲೆಯ ಉದ್ದಕ್ಕೂ ಒಂದು ಸಲ 3 ಸೇರಿಸಬೇಕು, ಕೊನೆ ತುಂಡಿಗೆ ಕೊಯ್ತ ಇರಲ್ಲವಲ್ಲ. ತೊಲೆಗಳ ಸಂಖ್ಯೆ ಪೂರ್ಣಾಂಕವೇ ಇರಲಿ ಅಂತ ಷರತ್ತೂ ಹಾಕಿ. ಇಲ್ಲಾಂದ್ರೆ ಎರಡೂವರೆ ತೊಲೆ ಕೊಯ್ಯಿ ಅನ್ನುತ್ತೆ. ಈಗ 7+4 ಕೊಯ್ತಿದ್ದೇವೆ. ಉಳಿದ ಅಡಿ ತುಂಡು ಇನ್ನೂ ಒಲೆಗೇ.